ಮಂದಿ ಮಾತಿಗೆ ಕೈಕಾಲು ಬರುವುದು ಯಾವಾಗ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುವವರ ಬಾಯಲ್ಲಿ, ಒಂದು ಪ್ರಶ್ನೆ ಮಾತ್ರ ಬಿಟ್ಟೂಬಿಡದೆ ಬರುತ್ತದೆ. ಮನುಷ್ಯ ತನ್ನ ಬಾಳನ್ನು ತಾನೇ ಕಟ್ಟಿಕೊಳ್ಳುತ್ತಾನಾ, ಇಲ್ಲಾ ಹುಟ್ಟಿದ ಮನೆ, ಬೆಳೆದ ಓಣಿ, ಸುತ್ತಲಿನವರ ಮಾತು ಎಲ್ಲ ಸೇರಿ ಅವನನ್ನು ಒಂದು ಕಡೆಗೆ ನೂಕುತ್ತವಾ? ಹಿರಿಯರು ಕೇಳುವ ರೀತಿ ಬೇರೆ. "ಮಗಳು ಹಿಂಗ ಮಾಡಿದ್ರ ಮಂದಿ ಏನಂತಾರ, ನೀವ ಹೇಳ್ರಿ" ಎನ್ನುತ್ತಾರೆ. ಹುಡುಗರು ಕೇಳುವ ರೀತಿ ಬೇರೆ. "ಮಂದಿ ಮಾತು ನಾವ್ಯಾಕ ಕೇಳ್ಬೇಕು ಸರ್?" ಎನ್ನುತ್ತಾರೆ.

ಇಬ್ಬರೂ ಒಂದು ವಿಷಯ ಒಪ್ಪಿಕೊಂಡೇ ಮಾತು ಶುರುಮಾಡುತ್ತಾರೆ. ಮಂದಿ ಮಾತು ಅಂದರೆ ಕಿವಿಗೆ ಬೀಳುವ ಸಂಗತಿ. ಕೇಳಿಸಿಕೊಂಡರೆ ನೋವು, ಕೇಳಿಸಿಕೊಳ್ಳದಿದ್ದರೆ ಏನೂ ಇಲ್ಲ ಎಂಬ ನಂಬಿಕೆ ಅದು. ಇಷ್ಟು ವರ್ಷ ಬಳ್ಳಾರಿಯಲ್ಲಿ ಬದುಕಿ ನನಗೆ ಮನವರಿಕೆಯಾಗಿರುವುದು ಬೇರೆಯೇ. ಸಾವಿರ ಮಂದಿ ಏನಾದರೂ ಅಂದುಕೊಳ್ಳಲಿ, ಅಷ್ಟಕ್ಕೇ ಯಾರ ಬಾಳೂ ಹಾಳಾಗುವುದಿಲ್ಲ. ಅಂದುಕೊಂಡವನ ಕೈಯಲ್ಲಿ ನಮ್ಮ ಮನೆಯ ಕೀಲಿ, ನಮ್ಮ ಹಾಜರಿ ಪುಸ್ತಕ, ನಮ್ಮ ವಾರದ ಬಟವಾಡೆ, ನಮ್ಮ ತಟ್ಟೆಯ ಅನ್ನ ಇದ್ದಾಗ ಆ ಮಾತಿಗೆ ಕೈಕಾಲು ಬರುತ್ತದೆ. ಆಮೇಲೆ ಅದನ್ನು ಯಾರೂ ಮಂದಿ ಮಾತು ಎಂದು ಕರೆಯುವುದಿಲ್ಲ. ಪರಿಸ್ಥಿತಿ ಎನ್ನುತ್ತಾರೆ. ಹಣೆಬರಹ ಎನ್ನುತ್ತಾರೆ.

ನಮ್ಮ ಕೌಲ್ ಬಜಾರನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತದ ದೊಡ್ಡ ದಂಡಿನ ಊರುಗಳಲ್ಲಿ ಒಂದು. ದಂಡು ಇದ್ದಲ್ಲಿ ಸಾಮಾನು ಮಾರುವವರು ಬೇಕು, ಬಟ್ಟೆ ಹೊಲಿಯುವವರು, ಒಗೆಯುವವರು, ಮೂಟೆ ಹೊರುವವರು ಬೇಕು. ಅಂಥವರೆಲ್ಲ ಬಂದು ನೆಲೆನಿಂತು ಈ ಬಜಾರು ಬೆಳೆಯಿತು. ಉರ್ದು, ತೆಲುಗು, ತಮಿಳು, ಮರಾಠಿ, ಕನ್ನಡ ಒಂದೇ ಓಣಿಯಲ್ಲಿ ಕಿವಿಗೆ ಬೀಳುವುದು ಅದಕ್ಕೇ. ದಂಡು ಹೋಯಿತು. ಕಂಟೋನ್ಮೆಂಟ್ ಎಂಬ ಹೆಸರು ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೆ ಉಳಿಯಿತು, ಹೊಲಿಯುವ ಕೈಗಳು ಮನೆಗಳಲ್ಲಿ ಉಳಿದವು. ಸಿಪಾಯಿಗಳ ಉಡುಪು ಹೊಲಿದವರ ಕಸುಬೇ ಮುಂದೆ ದೇಶವೆಲ್ಲ ಬಲ್ಲ ಬಳ್ಳಾರಿ ಜೀನ್ಸ್ ಆಯಿತು. ಇಲ್ಲಿ ಯಾರೂ ಕೂತು ಯೋಚನೆ ಮಾಡಿ "ನಾನು ಜೀನ್ಸ್ ಹೊಲಿಯುವವನಾಗುತ್ತೇನೆ" ಎಂದು ನಿರ್ಧರಿಸಲಿಲ್ಲ. ತಾತ ಹೊಲಿಯುತ್ತಿದ್ದ, ಮನೆಯಲ್ಲಿ ಮಿಷಿನ್ ಇತ್ತು, ಮೊಮ್ಮಗ ಕೂತ.

ಊರಿನ ಕಥೆಯೂ ಹಾಗೇ. 1953ರ ತನಕ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಆಂಧ್ರ ರಾಜ್ಯ ಹುಟ್ಟುವ ಹೊತ್ತಿಗೆ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಜಗಳ ಮಾತ್ರ ಮುಗಿಯಲಿಲ್ಲ. ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗ ಬಂದು ವಿಚಾರಿಸಿ ವರದಿ ಕೊಟ್ಟಿತು, ಅಕ್ಟೋಬರ್ 1ಕ್ಕೆ ನಾವು ಮೈಸೂರು ರಾಜ್ಯದವರಾದೆವು. ಅವತ್ತು ವರದಿ ಬೇರೆಯಾಗಿದ್ದಿದ್ದರೆ ನಾನು ಈ ಅಂಕಣವನ್ನು ಬೇರೆ ಭಾಷೆಯಲ್ಲಿ ಬರೆಯುತ್ತಿದ್ದೆನೋ ಏನೋ. ಹೊರಗಿನವರೊಬ್ಬರ ತೀರ್ಮಾನ ಲಕ್ಷಾಂತರ ಜನರ ಶಾಲೆ, ನೌಕರಿ, ಸಂಬಂಧ ಎಲ್ಲವನ್ನೂ ಒಂದು ದಿಕ್ಕಿಗೆ ತಿರುಗಿಸಿತು. ಈ ತಿರುವು ನಮಗೆ ಒಳ್ಳೆಯದಾಯಿತು ಎಂದು ನಾನು ಪೂರ್ಣ ನಂಬುತ್ತೇನೆ. ತೀರ್ಮಾನ ಎಂದರೆ ಕೆಟ್ಟದ್ದೇ ಎಂದು ಯಾರೂ ತಿಳಿಯಬಾರದೆಂದು ಇದನ್ನು ಮೊದಲೇ ಹೇಳಿದೆ.

ಈಗ ಓಣಿಯೊಳಗೆ ಬನ್ನಿ. ನಮ್ಮ ಹಿಂದಿನ ಸಾಲಿನ ಮನೆಯೊಂದರಲ್ಲಿ ತಾಯಿ ಮಗಳು ದಾರ ಕತ್ತರಿಸುವ ಕೆಲಸ ಮಾಡುತ್ತಾರೆ. ಹೊಲಿಗೆ ಮುಗಿದ ಪ್ಯಾಂಟುಗಳ ಗಂಟು ಬೆಳಿಗ್ಗೆ ಮನೆಗೆ ಬರುತ್ತದೆ. ಜೇಬಿನ ಮೂಲೆ, ಬೆಲ್ಟಿನ ಲೂಪು, ಕಾಲಿನ ಮಡಿಕೆ, ಜಿಪ್ಪಿನ ಬುಡ, ಎಲ್ಲ ಕಡೆ ಚಾಚಿಕೊಂಡ ದಾರದ ತುದಿಯನ್ನು ಸಣ್ಣ ಕಟ್ಟರಿನಿಂದ ಕತ್ತರಿಸಿ, ಒಳಗು ಹೊರಗು ಮಾಡಿ, ಮಡಚಿ ಇಡಬೇಕು. ಎಣಿಕೆಯ ಮೇಲೆ ಕೂಲಿ. ನೀಲಿ ಬಣ್ಣ ಬೆರಳಿನ ಸಂದಿಗೆ ಹತ್ತಿ, ಸೋಪು ಹಾಕಿ ತಿಕ್ಕಿದರೂ ಉಗುರಿನ ಅಂಚಲ್ಲಿ ಉಳಿಯುತ್ತದೆ. ಮಗಳು ಬಿಕಾಂ ಓದಿದ್ದಾಳೆ, ಲೆಕ್ಕ ಚೆನ್ನಾಗಿ ಬರುತ್ತದೆ. ಊರಿನ ಆ ತುದಿಯ ಅಂಗಡಿಯೊಂದಕ್ಕೆ ಲೆಕ್ಕ ಬರೆಯುವ ಕೆಲಸ ಕೇಳಿಕೊಂಡು ಹೋಗಿದ್ದಳು. ಯಜಮಾನರು ಮಾರ್ಕ್ಸ್ ಕಾರ್ಡ್ ನೋಡಿದರು, ಖುಷಿಪಟ್ಟರು, "ಎಲ್ಲಿರೋದಮ್ಮ?" ಎಂದು ಕೇಳಿದರು. "ಕೌಲ್ ಬಜಾರ್." "ಹೌದಾ... ಸರಿ, ಫೋನ್ ಮಾಡಿ ತಿಳಿಸ್ತೀವಿ." ಫೋನು ಬರಲಿಲ್ಲ. ಬೈದರೆ, ಅವಮಾನ ಮಾಡಿದರೆ ಅದನ್ನು ಹೇಳಿಕೊಳ್ಳಬಹುದು. ಇಲ್ಲಿ ಯಾರೂ ಏನೂ ಅನ್ನಲಿಲ್ಲ. ಅವಳು ತಿರುಗಿ ಕಟ್ಟರ್ ಕೈಗೆತ್ತಿಕೊಂಡಳು. ಇನ್ನು ಹತ್ತು ವರ್ಷ ಬಿಟ್ಟು ಅವಳನ್ನು ನೋಡಿದವರು "ಆ ಓಣಿಯ ಹುಡುಗಿಯರಿಗೆ ದೊಡ್ಡ ಆಸೆ ಎಲ್ಲಿ ಇರುತ್ತೆ" ಎನ್ನುವುದು ಖಂಡಿತ. ಇಂಥ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಬಾಡಿಗೆ ಮನೆ ಹುಡುಕಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. "ನೀವು ಯಾವ ಪೈಕಿ?" ಎಂಬ ಮೂರು ಪದದ ಪ್ರಶ್ನೆಗೆ ನಮ್ಮ ಊರಲ್ಲಿ ಎಷ್ಟು ಗೇಟುಗಳು ಮುಚ್ಚಿವೆ ಎಂಬ ಲೆಕ್ಕ ಯಾರೂ ಇಟ್ಟಿಲ್ಲ.

ಈ ಮಾತನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಮಂಜಮ್ಮ ಜೋಗತಿ. ಪದ್ಮಶ್ರೀ ಬಂದ ಮೇಲೆ ಅವರನ್ನು ದೇಶವೇ ಬಲ್ಲದು, ಆದರೆ ಅವರು ನಮ್ಮ ಮಗ್ಗುಲಿನವರು, ಕುರುಗೋಡು ಸೀಮೆಯ ಕಲ್ಲುಕಂಬದವರು ಎಂಬುದು ಇಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶೆಟ್ಟರ ಮನೆಯಲ್ಲಿ ಹುಟ್ಟಿದ ಗಂಡು ಮಗು, ಇಟ್ಟ ಹೆಸರು ಮಂಜುನಾಥ. ಓದಿದ್ದು ಹತ್ತನೇ ತರಗತಿಯ ತನಕ. ಹುಡುಗಿಯರ ಜೊತೆ ಆಟ, ಟವೆಲನ್ನೇ ಲಂಗದಂತೆ ಸುತ್ತಿಕೊಳ್ಳುವುದು, ನಡಿಗೆಯಲ್ಲಿ ಒನಪು. ಮನೆಯವರ ಕಣ್ಣಿಗೆ ಅದು ಬಿತ್ತು, ಬೈಗುಳ ಬಿತ್ತು, ಹೊಡೆತ ಬಿತ್ತು. ಮೈಮೇಲೆ ಏನೋ ಬಂದಿದೆ ಎಂದು ಪೂಜಾರಿಯ ಹತ್ತಿರವೂ ಕರೆದೊಯ್ದರು. ಕೊನೆಗೆ ಹುಲಿಗೆಮ್ಮನ ಗುಡಿಯಲ್ಲಿ ಜೋಗಪ್ಪನ ದೀಕ್ಷೆ ಆಯಿತು. ಉಡದಾರ ಕಿತ್ತರು, ಲಂಗ ರವಿಕೆ ತೊಡಿಸಿದರು, ಬಳೆ ಇಟ್ಟರು. ಮಗ ಇನ್ನು ತನ್ನ ಪಾಲಿಗೆ ಇಲ್ಲವೆಂದು ತಾಯಿ ಅತ್ತದ್ದನ್ನು ಮಂಜಮ್ಮ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಆ ದೀಕ್ಷೆಯ ಒಳಗೆ ಏನಿದೆ ಎಂದು ಸ್ವಲ್ಪ ನಿಂತು ನೋಡಬೇಕು. ನಮ್ಮ ಸೀಮೆ ಇಂಥ ಮಕ್ಕಳಿಗೆ ಒಂದು ಜಾಗ ಇಟ್ಟಿದೆ. ಪೂರ್ತಿ ಹೊರಗೆ ಹಾಕಿಲ್ಲ. ದೇವಿ ಒಲಿದಿದ್ದಾಳೆ ಎಂದು ಮುತ್ತು ಕಟ್ಟುತ್ತದೆ, ದೇವಿಯ ಪಡ್ಡಲಗಿ ಬುಟ್ಟಿ ತಲೆಯ ಮೇಲೆ ಇಡುತ್ತದೆ, ಚೌಡಿಕೆ ವಾದ್ಯ ಕೈಗೆ ಕೊಡುತ್ತದೆ. ಮಂಗಳವಾರ, ಶುಕ್ರವಾರ ಜೋಗ ಬೇಡಲು ಬಾಗಿಲಿಗೆ ಬಂದರೆ ಮೊರದಲ್ಲಿ ಜೋಳ ಅಕ್ಕಿ ಹಾಕಿ ಕೈಮುಗಿಯುತ್ತಾರೆ, ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಅದೇ ಬಾಗಿಲಿನ ಒಳಗೆ ಬಾಡಿಗೆಗೆ ಒಂದು ಕೋಣೆ ಕೇಳಿದರೆ ಕೊಡುವುದಿಲ್ಲ. ಅಂಗಡಿಯಲ್ಲಿ ಕೆಲಸ ಕೊಡುವುದಿಲ್ಲ. ಗೌರವ ಇದೆ, ಜೀವನಕ್ಕೆ ದಾರಿ ಇಲ್ಲ. ಮಂದಿಯ ತೀರ್ಮಾನ ಅಷ್ಟು ಚೊಕ್ಕವಾಗಿ ಒಬ್ಬರ ಬಾಳಿನ ಸುತ್ತಳತೆಯನ್ನು ಹಾಕಿಬಿಡುತ್ತದೆ. ಅದರಲ್ಲಿ ದ್ವೇಷವೂ ಬೇಕಿಲ್ಲ, ಭಕ್ತಿಯೇ ಸಾಕು.

ಮಂಜಮ್ಮ ವಿಷ ಕುಡಿದರು, ಬದುಕುಳಿದರು. ಮನೆ ಬಿಟ್ಟರು. ಸೀರೆಯುಟ್ಟು ಬೀದಿಯಲ್ಲಿ ಬೇಡಿದರು. ಆ ದಿನಗಳಲ್ಲಿ ತಮ್ಮ ಮೇಲೆ ದಾಳಿ ಆದದ್ದನ್ನು, ಕೈಯಲ್ಲಿದ್ದ ದುಡ್ಡನ್ನು ಕಿತ್ತುಕೊಂಡದ್ದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಬಾಳು ತಿರುಗಿದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಅಲ್ಲಿ ತಂದೆ ಮಗ ಇಬ್ಬರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಇಟ್ಟುಕೊಂಡು ಕುಣಿಯುತ್ತಿದ್ದ. ಕೊಡಕ್ಕೆ ಕೈ ಹಿಡಿದಿಲ್ಲ, ಕುತ್ತಿಗೆ ಅಲುಗುತ್ತಿಲ್ಲ, ಸೊಂಟದಿಂದ ಕೆಳಗೆ ಮಾತ್ರ ತಾಳ. ಮಂಜಮ್ಮ ಅವರ ಹಿಂದೆ ಬಿದ್ದು ಆ ಕುಣಿತ ಕಲಿತರು. ಮುಂದೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಪರಿಚಯವಾಯಿತು. ಕಾಳವ್ವ ಅವರನ್ನು ಕುಣಿಸಿ ನೋಡಿ ಮೇಳಕ್ಕೆ ಸೇರಿಸಿಕೊಂಡರು. ಗುಡಿಯ ಅಂಗಳದಲ್ಲಿ, ಜಾತ್ರೆಯಲ್ಲಿ ಇದ್ದ ಜೋಗತಿ ನೃತ್ಯ ರಂಗದ ಮೇಲೆ ಬಂತು, ಕಾಳವ್ವನವರ ಕಾಲಾನಂತರ ಮೇಳದ ಹೊಣೆ ಮಂಜಮ್ಮನವರಿಗೆ ಬಂತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮುನ್ನ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದದ್ದನ್ನು ನೀವೂ ನೋಡಿರುತ್ತೀರಿ. ಅದನ್ನು ಟಿವಿಯಲ್ಲಿ ನೋಡಿ ಕೌಲ್ ಬಜಾರಿನ ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತಿದ್ದವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆದರೆ ಆಮೇಲೆ ನಡೆದದ್ದು ನನಗೆ ಸರಿಬರಲಿಲ್ಲ. ಭಾಷಣಗಳಲ್ಲಿ, ವಾಟ್ಸಾಪಿನಲ್ಲಿ ಅವರ ಕಥೆಯನ್ನು ಒಂದೇ ಸಾಲಿಗೆ ಇಳಿಸಿದರು: ಛಲ ಇದ್ದರೆ ಯಾವ ಪರಿಸ್ಥಿತಿಯನ್ನೂ ಗೆಲ್ಲಬಹುದು. ಛಲ ಇದ್ದದ್ದು ನಿಜ, ಅದಕ್ಕೆ ತಲೆಬಾಗುತ್ತೇನೆ. ಅವರಷ್ಟೇ ಛಲ ಇದ್ದ ಎಷ್ಟು ಜೋಗಪ್ಪಗಳು ಬಸ್ ನಿಲ್ದಾಣಗಳಲ್ಲೇ ಮುಗಿದುಹೋದರು? ಅವರಿಗೆ ಆ ತಂದೆ ಮಗ ಸಿಗಲಿಲ್ಲ, ಕಾಳವ್ವ ಸಿಗಲಿಲ್ಲ. ಕಾಳವ್ವ ಮಾಡಿದ್ದೇನು ನೋಡಿ. ಮಂಜಮ್ಮನ ಬಗ್ಗೆ ಮಂದಿಯ ಅಭಿಪ್ರಾಯ ತಿದ್ದಲು ಅವರು ಹೋಗಲಿಲ್ಲ, "ಮನಸ್ಸು ಗಟ್ಟಿ ಮಾಡಿಕೋ" ಎಂಬ ಬುದ್ಧಿವಾದದಲ್ಲಿ ಮುಗಿಸಲೂ ಇಲ್ಲ. ಮೇಳದಲ್ಲಿ ಒಂದು ಜಾಗ ಕೊಟ್ಟರು, ಒಂದು ಪಾತ್ರ ಕೊಟ್ಟರು, ಅದರಿಂದ ಬರುವ ಸಂಭಾವನೆ ಕೊಟ್ಟರು. ಕಾಳವ್ವನದೂ ಒಂದು ತೀರ್ಮಾನವೇ. ಇವಳ ಕೈಲಿ ಆಗುತ್ತದೆ ಎಂಬ ತೀರ್ಮಾನ. ಕೊಡುವುದಕ್ಕೆ ಅವರ ಕೈಯಲ್ಲಿ ಏನೋ ಇತ್ತು, ಹಾಗಾಗಿ ಅದು ಫಲ ಕೊಟ್ಟಿತು. ಗೆದ್ದವರ ಕಥೆಯಿಂದ ಕಾಳವ್ವನನ್ನು ತೆಗೆದುಹಾಕಿದರೆ ಉಳಿದವರಿಗೆಲ್ಲ "ನೀನು ಸೋತದ್ದು ನಿನ್ನ ತಪ್ಪು" ಎಂದು ಹೇಳಿದಂತಾಗುತ್ತದೆ.

ಕಾನೂನಿನ ಕೈ ಎಲ್ಲಕ್ಕಿಂತ ದೊಡ್ಡದು. ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟ ಮರುವರ್ಷ, 2011ರಲ್ಲಿ, ಇದೇ ರಾಜ್ಯ ತನ್ನ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಂ ಸೇರಿಸಿತು. ಅನುಮಾನವಿರುವ ಹಿಜಡಾಗಳ ಹೆಸರು, ವಾಸದ ಜಾಗ ಬರೆದು ಪಟ್ಟಿ ಇಡಲು ಪೊಲೀಸ್ ಆಯುಕ್ತರಿಗೆ ಅದು ಅಧಿಕಾರ ಕೊಟ್ಟಿತು. ಬ್ರಿಟಿಷರು 1871ರಲ್ಲಿ ಉತ್ತರ ಭಾರತದಲ್ಲಿ ತಂದಿದ್ದ ಕಾನೂನಿನ ಅಚ್ಚು ಅದು. ಒಂದು ಕೈಯಲ್ಲಿ ಶಾಲು, ಇನ್ನೊಂದು ಕೈಯಲ್ಲಿ ಪಟ್ಟಿ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ 36-ಎ ಕಲಂನಿಂದ ಅವರನ್ನು ಹೆಸರಿಸುವ ಪದ ಹೋಯಿತು. 2021ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಶೇ 1ರಷ್ಟು ಮೀಸಲಾತಿ ಬಂತು. ದೇಶದಲ್ಲಿ ಮೊದಲು ಹೀಗೆ ಕೊಟ್ಟದ್ದು ಕರ್ನಾಟಕ. ಶೇ 1 ದೊಡ್ಡದಲ್ಲ ಎನ್ನುವವರು ಇದ್ದಾರೆ. ಒಂದು ನೌಕರಿ ಎಂದರೆ ಒಂದು ಸಂಬಳದ ಚೀಟಿ, ಸಂಬಳದ ಚೀಟಿ ಇದ್ದವರಿಗೆ ಬಾಡಿಗೆ ಮನೆ ಸಿಗುವುದು ಸ್ವಲ್ಪ ಸುಲಭ. ಅಭಿಪ್ರಾಯ ಬದಲಾಗುವ ತನಕ ಕಾಯಬೇಕಿಲ್ಲ ಎಂಬುದೇ ಅದರ ಬೆಲೆ.

ಇನ್ನೂ ಹಳೆಯ ಒಂದು ಕಥೆ ನಮ್ಮ ಜಿಲ್ಲೆಯ ಮಣ್ಣಲ್ಲೇ ಇದೆ. ಕೊರಚರು ಕತ್ತೆ, ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದವರು. ಕರಾವಳಿಯ ಉಪ್ಪು ಈ ಒಣ ಸೀಮೆಯ ಅಡುಗೆಮನೆಗೆ ಬರುತ್ತಿದ್ದದ್ದು ಅಂಥವರಿಂದ. ರೈಲು ಬಂತು, ಮೂಟೆಗಳು ಗೂಡ್ಸ್ ಗಾಡಿಗೆ ಹತ್ತಿದವು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ತಿರುಗಾಟದ ವ್ಯಾಪಾರ ಸತ್ತಿತು. ವ್ಯಾಪಾರ ಇಲ್ಲದೆ ತಿರುಗುವವರನ್ನು ಕಂಡರೆ ಅನುಮಾನ, ಅನುಮಾನದ ಮೇಲೆ ಕಾನೂನು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ನಂತರ ಮದ್ರಾಸ್ ಪ್ರಾಂತದಲ್ಲೂ ಜಾರಿಗೆ ಬಂದು ಇಡೀ ಕುಲಗಳನ್ನೇ ಕಳ್ಳರೆಂದು ಬರೆದುಕೊಂಡಿತು. ಪಟ್ಟಿಯಲ್ಲಿ ಹೆಸರಿದ್ದವನು ಠಾಣೆಗೆ ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಬೇಕಾದರೆ ಅಪ್ಪಣೆ ಚೀಟಿ ಬೇಕು. ದೂರದ ಸಂತೆಗೆ ಹೋಗದಂತೆ ಕಟ್ಟಿಹಾಕಿದವರೇ ಇವನು ದುಡಿದು ತಿನ್ನುವುದಿಲ್ಲ ಎಂದರು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಎಪ್ಪತ್ತು ವರ್ಷ ದಾಟಿದರೂ, ಓಣಿಯಲ್ಲಿ ಕೊಡ ಕಳುವಾದರೆ ಮೊದಲು ಯಾರ ಗುಡಿಸಲಿನ ಕಡೆ ಕಣ್ಣು ಹೋಗುತ್ತದೆ ಎಂಬುದು ಓದುಗರಿಗೆ ಗೊತ್ತು.

ದೇವದಾಸಿ ತಾಯಂದಿರ ಮಕ್ಕಳದು ಇದೇ ಜಾಡು. ಮುತ್ತು ಕಟ್ಟುವುದನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿತು. ನಿಷೇಧಿಸಿದ್ದು ಆಚರಣೆಯನ್ನು, ಶಾಲೆಯ ಅರ್ಜಿಯಲ್ಲಿನ "ತಂದೆಯ ಹೆಸರು" ಎಂಬ ಗೆರೆ ಹಾಗೇ ಉಳಿಯಿತು. ಆ ಗೆರೆಯ ಮುಂದೆ ಪೆನ್ನು ಹಿಡಿದು ಕೂತ ಮಗುವಿಗೆ ಯಾರೂ ಒಂದು ಮಾತೂ ಆಡಬೇಕಿರಲಿಲ್ಲ, ಕಾಗದವೇ ಎಲ್ಲ ಕೇಳಿಬಿಡುತ್ತಿತ್ತು. 1993-94ರಲ್ಲಿ, ಆಮೇಲೆ 2007-08ರಲ್ಲಿ ಸಮೀಕ್ಷೆ ನಡೆಯಿತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ತಾಯಂದಿರು ಮಾಸಾಶನಕ್ಕಾಗಿ ಕಚೇರಿ ಅಲೆದರು. ಒಂದು ಕಾಲದಲ್ಲಿ ಪಟ್ಟಿಗೆ ಸೇರಿದ್ದು ಶಾಪ, ಇನ್ನೊಂದು ಕಾಲದಲ್ಲಿ ಸೇರದಿದ್ದದ್ದು ಶಾಪ. ಎರಡೂ ಸಲ ಬರೆದುಕೊಳ್ಳುವ ಪೆನ್ನು ಮಾತ್ರ ಬೇರೆಯವರ ಕೈಯಲ್ಲಿತ್ತು.

ಇಲ್ಲಿ ಒಬ್ಬರು ಕೇಳಬಹುದು: ಕೈಯಲ್ಲಿ ಏನೂ ಇಲ್ಲದವರ ಮಾತು ನಮ್ಮ ಒಳಗೆ ಕೂತು ಕೆಲಸ ಮಾಡುವುದಿಲ್ಲವಾ? ಮಾಡುತ್ತದೆ. ಇದಕ್ಕೆ ನಮ್ಮ ದೇಶದ್ದೇ ಒಂದು ಪ್ರಯೋಗ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಕೊಟ್ಟರು. ಬಿಡಿಸಿದಷ್ಟಕ್ಕೆ ದುಡ್ಡು. ಜಾತಿಯ ಸುದ್ದಿ ಎತ್ತದಿದ್ದಾಗ ಮೇಲ್ಜಾತಿಯ ಹುಡುಗರೂ ದಲಿತ ಹುಡುಗರೂ ಹೆಚ್ಚುಕಡಿಮೆ ಸಮ. ಶುರುವಿಗೆ ಮುಂಚೆ ಎಲ್ಲರೆದುರು ಒಬ್ಬೊಬ್ಬನ ಹೆಸರು, ತಂದೆಯ ಹೆಸರು, ಜಾತಿ ಗಟ್ಟಿಯಾಗಿ ಓದಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳ ಲೆಕ್ಕ ಸುಮಾರು ಐದನೇ ಒಂದು ಪಾಲು ಇಳಿಯಿತು. ಹುಡುಗರು ಅಂಥವರೇ, ಬುದ್ಧಿ ಅಂಥದೇ, ಪೆನ್ಸಿಲ್ಲೂ ಅಂಥದೇ. ಬೈಗುಳವಿಲ್ಲ, ಹೊಡೆತವಿಲ್ಲ, ಬರೀ ಒಂದು ಓದು. ಆ ಓದಿನಲ್ಲಿ ಮಗುವಿಗೆ ಕೇಳಿಸುವುದು "ಇಲ್ಲಿ ನಿನಗೆ ನ್ಯಾಯ ಸಿಗುವುದಿಲ್ಲ" ಎಂಬುದು. ನ್ಯಾಯ ಸಿಗದ ಕಡೆ ಮೈಮುರಿದು ದುಡಿಯುವವರು ಯಾರು?

ಹಾಗಾಗಿ ಹಿರಿಯರಿಗೆ ನಾನು ಹೇಳುವುದು ಇಷ್ಟು. "ಮಂದಿ ಏನಂತಾರ" ಎನ್ನುವ ಮೊದಲು ಆ ಮಂದಿಯನ್ನು ಹೆಸರು ಹಿಡಿದು ಎಣಿಸಿ. ಸೋದರಮಾವ, ಮನೆ ಓನರ್, ಮೇಸ್ತ್ರಿ, ಎದುರುಮನೆ ಅಕ್ಕ. ಇವರಲ್ಲಿ ಯಾರ ಕೈಯಲ್ಲಿ ನಿಮ್ಮ ಮಗಳ ಅನ್ನ, ಓದು, ಸೂರು ಇದೆ? ಬಹಳಷ್ಟು ಸಲ ಆ ಪಟ್ಟಿಯ ಮೊದಲ ಹೆಸರು ನಿಮ್ಮದೇ ಆಗಿರುತ್ತದೆ. ಫೀಸು ಕಟ್ಟುವವರು ನೀವು, ಬಾಗಿಲು ತೆಗೆಯುವವರು ನೀವು. ಎದುರುಮನೆ ಅಕ್ಕ ಆಡಿದ ಮಾತಿಗೆ ಕೈಕಾಲು ಕೊಡುವವರೂ ನೀವೇ. ಮಗಳ ಕಾಲೇಜು ಬಿಡಿಸಿದ್ದು ಮಂದಿ ಎಂದು ಹೇಳಿಕೊಂಡು ಬಂದ ತಂದೆಯೊಬ್ಬರಿಗೆ ಇದೇ ಮಾತನ್ನು ಮುಖಕ್ಕೇ ಹೇಳಿದೆ. ಅವರಿಗೆ ಬೇಜಾರಾಯಿತು, ಆದರೆ ಎದ್ದು ಹೋಗಲಿಲ್ಲ. ಹುಡುಗರಿಗೆ ಹೇಳುವುದು ಬೇರೆ. ಮಂದಿ ಮಾತು ಕೇಳಬೇಡಿ ಎಂದು ನಾನು ಹೇಳಲಾರೆ, ಬಾಡಿಗೆ ಮನೆಯಲ್ಲಿದ್ದುಕೊಂಡು ಓನರ್ ಮಾತು ಕೇಳದಿರುವುದು ಯಾರಿಗೂ ಆಗದ ಮಾತು. ನಿಮ್ಮನ್ನು ನಂಬಿ, ಕೊಡಲು ಕೈಯಲ್ಲಿ ಏನಾದರೂ ಇರುವ ಒಬ್ಬರನ್ನು ಹುಡುಕಿ. ಒಬ್ಬ ಮೇಷ್ಟ್ರು, ಒಬ್ಬ ದೊಡ್ಡಮ್ಮ, ಒಂದು ಮೇಳ. ನಾಳೆ ನಿಮ್ಮ ಕೈಗೂ ಏನಾದರೂ ಬಂದೀತು. ಅಂಗಡಿಯೋ, ಮನೆಯೋ, ಕುರ್ಚಿಯೋ. ಅವತ್ತು ಕೌಲ್ ಬಜಾರಿನಿಂದ ಬಂದವಳಿಗೆ ಫೋನು ಮಾಡಿ.

ಇನ್ನೊಂದು ವಿಷಯ, ಇದು ಮೇಷ್ಟ್ರುಗಳಿಗೆ. ವಿದ್ಯಾರ್ಥಿವೇತನದ ಅರ್ಜಿ ಬಂದಾಗ ತರಗತಿಯಲ್ಲಿ ನಿಂತು "ಎಸ್ಸಿ ಎಸ್ಟಿ ಹುಡುಗ್ರು ಎದ್ದು ನಿಲ್ರಿ" ಎನ್ನುವ ಪದ್ಧತಿ ನಾನು ಓದುವಾಗಲೂ ಇತ್ತು, ಈಗಲೂ ಅಲ್ಲಲ್ಲಿ ಇದೆ ಎಂದು ಮಕ್ಕಳು ಹೇಳುತ್ತಾರೆ. ಉತ್ತರ ಪ್ರದೇಶದ ಆ ಪ್ರಯೋಗ ಮಾಡಿದ್ದೂ ಇಷ್ಟೇ, ಎಲ್ಲರೆದುರು ಓದಿದ್ದು. ನಮ್ಮ ಪಕ್ಕದ ಓಣಿಯ ಶಾಲೆಯ ಮೇಡಂ ಒಬ್ಬರು ಅದನ್ನು ನಿಲ್ಲಿಸಿದ್ದಾರೆ. ರೋಲ್ ನಂಬರುಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು, ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಲು ಹೇಳುತ್ತಾರೆ. ಅರ್ಧ ತಾಸಿನ ಕೆಲಸ ಎರಡು ದಿನ ಹಿಡಿಯುತ್ತದೆ, ಅಷ್ಟೇ. ಅದಕ್ಕೆ ಸುತ್ತೋಲೆ ಬೇಕಿಲ್ಲ, ಅನುದಾನ ಬೇಕಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪ್ರತಿ ಶಾಲೆಯಲ್ಲೂ ಈ ವರ್ಷದ ಅರ್ಜಿಯಿಂದಲೇ ಹೀಗೆ ಶುರುಮಾಡಬಹುದು. ಶುರುಮಾಡಿದ ಮೇಷ್ಟ್ರುಗಳು ನನಗೊಂದು ಪತ್ರ ಬರೆದರೆ, ಮುಂದಿನ ವಾರಗಳಲ್ಲಿ ಈ ಜಾಗವನ್ನು ಅವರಿಗೇ ಬಿಟ್ಟುಕೊಡುತ್ತೇನೆ.